ಬೀಡಿ ಬಿಟ್ಟ ಮೇಲಿನ ದಿನಗಳು

ಬೀಡಿ ಸಿಗರೇಟು ಬಿಡಿರೆಂದು ಉಪದೇಶಿಸುವ ಬರಹಗಳಿಗೇನೂ ಬರಗಾಲವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಬಿಡುವ ದಿನಕ್ಕೆ ಬಂದು ನಿಂತುಬಿಡುತ್ತವೆ. ಬಿಟ್ಟ ಮೇಲೆ ಏನು ಗತಿ ಎಂಬುದನ್ನು ಹೇಳುವವರು ಕಡಮೆ. ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಬಿಟ್ಟು ಮತ್ತೆ ಹಿಡಿದವರು ನಾಲ್ಕಾರು ಮಂದಿ ಇದ್ದಾರೆ. ಆ ಸಾಲಿನಲ್ಲಿ ನಾನೂ ಒಬ್ಬನಿದ್ದೆ. ನಾನು ವೈದ್ಯನಲ್ಲ, ಗಿರಣಿಯ ಗುಮಾಸ್ತ. ಕೇಳಿ ತಿಳಿದುದನ್ನೂ ಪಟ್ಟ ಪಾಡನ್ನೂ ಕೂಡಿಸಿ ಇಷ್ಟು ಬರೆದಿದ್ದೇನೆ.

ಹಾಜರಿ ಖಾತೆಗೆ ಸೇರಿದಾಗ ನನಗೆ ಹತ್ತೊಂಬತ್ತು ವರ್ಷ. ಹತ್ತಿ, ನೂಲು ತುಂಬಿದ ಜಾಗವಾದುದರಿಂದ ಒಳಗೆ ಕಡ್ಡಿ ಗೀರುವಂತಿಲ್ಲ. ಗೇಟಿನಾಚೆಯ ಚಹಾದಂಗಡಿಯೇ ನಮ್ಮ ಠಾವು. ಹನ್ನೆರಡು ವರ್ಷ ದಿನಕ್ಕೊಂದು ಕಟ್ಟು ಬೀಡಿ ನಡೆಯಿತು. ಮೊದಲ ಸಲ ಬಿಟ್ಟಾಗ ಐದು ವಾರ ಹಲ್ಲು ಕಚ್ಚಿ ಕಳೆದೆ. ಆರನೆಯ ವಾರ ಊರಿಗೆ ಹೊರಟಿದ್ದಾಗ ಗಾಡಿ ತಡವಾಯಿತು. ಸ್ಟೇಶನ್ನಿನ ಹೊರಗೆ ಗೆಳೆಯನೊಬ್ಬ ಒಂದು ಬೀಡಿ ಚಾಚಿದ. ಇಷ್ಟು ದಿನವಾದರೂ ಆಸೆ ಹೋಗಲಿಲ್ಲವೆಂದ ಮೇಲೆ ಇದು ನನ್ನಿಂದಾಗುವ ಕೆಲಸವಲ್ಲವೆಂದುಕೊಂಡು ತೆಗೆದುಕೊಂಡೆ. ಮರುದಿನ ಕಟ್ಟು ಕೊಂಡೆ. ಬೀಡಿ ಸೇದಿದ್ದಕ್ಕಿಂತ, ಹಾಗೆಂದುಕೊಂಡದ್ದೇ ನಾನು ಮಾಡಿದ ದೊಡ್ಡ ತಪ್ಪು.

ಅದು ಏಕೆ ತಪ್ಪೆಂಬುದನ್ನು ತಿಳಿಯಬೇಕಾದರೆ ಒಳಗಿನ ವ್ಯವಹಾರ ಸ್ವಲ್ಪ ಗೊತ್ತಿರಬೇಕು. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಅದರಲ್ಲಿನ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ. ಬಿಟ್ಟ ಎರಡು ಮೂರು ದಿನಗಳಲ್ಲಿ ಮೈಯಿಂದ ಅದು ಹೆಚ್ಚುಕಡಮೆ ಹೋಗಿಯೇ ಬಿಡುತ್ತದೆ. ಸಿಡುಕು, ಚಡಪಡಿಕೆ, ಮಂಕು, ನಿದ್ದೆಗೇಡು, ವಿಪರೀತ ಹಸಿವು, ಮಲಬದ್ಧತೆ ಇವೆಲ್ಲ ಜೋರಾಗುವುದು ಆ ಮೊದಲ ವಾರದಲ್ಲೇ. ಎರಡರಿಂದ ನಾಲ್ಕು ವಾರಗಳಲ್ಲಿ ಇವು ಬಹುಮಟ್ಟಿಗೆ ಇಳಿಯುತ್ತವೆ. ಆದರೆ ವರ್ಷಗಟ್ಟಲೆ ಸೇದಿದವನ ಮಿದುಳಿನಲ್ಲಿ ನಿಕೋಟಿನ್ ಬಂದು ಕೂರುವ ಸ್ಥಾನಗಳು ಹೆಚ್ಚಾಗಿರುತ್ತವೆ. ಅವು ಮಾಮೂಲಿಗೆ ಬರಲು ಸುಮಾರು 6ರಿಂದ 12 ವಾರ ಬೇಕು. ನಾನು ಬೀಡಿ ತೆಗೆದುಕೊಂಡದ್ದು ಆರನೆಯ ವಾರದಲ್ಲಿ! ತಿಂಗಳ ಲೆಕ್ಕ ಮುಗಿಯುವ ಮೊದಲೇ ನಷ್ಟವೆಂದು ಬರೆದು ಖಾತೆ ಮುಚ್ಚಿದಂತಾಯಿತು.

ಅದೂ ಮುಗಿದ ಮೇಲೆ ಉಳಿಯುವುದು ಇನ್ನೊಂದು ಬಗೆಯ ಆಸೆ. ಇದಕ್ಕೆ ಮೈಗಿಂತ ಹೊತ್ತು ಮತ್ತು ಜಾಗ ಕಾರಣ. ಚಹಾದ ಲೋಟ ಕೈಗೆ ಬಂದಾಗ, ಪಾಳಿ ಬಿಡುವ ಭೋಂಗಾ ಕೂಗಿದಾಗ, ಊಟವಾಗಿ ಪಡಸಾಲೆಗೆ ಬಂದಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ದಿನನಿತ್ಯದ ಇಂಥ ಹೊತ್ತುಗಳು ಬೇಗ ಪಳಗುತ್ತವೆ, ಯಾಕೆಂದರೆ ದಿನವೂ ದಾಟುತ್ತೇವೆ. ಅಪರೂಪಕ್ಕೆ ಬರುವವೇ ಮೋಸದವು: ಊರಿಗೆ ಮೊದಲ ಪ್ರಯಾಣ, ಮೊದಲ ಜಾತ್ರೆ, ಬೋನಸ್ಸಿನ ದಿನ, ಮನೆಯಲ್ಲೊಂದು ಸಾವು. ಆರು ತಿಂಗಳಾದ ಮೇಲೆ ಇಂಥದೊಂದು ಬಂದು ಆಸೆ ಹೊಸದಾಗಿ ಕೆರಳಿದರೆ, ಬಿಟ್ಟದ್ದೆಲ್ಲ ವ್ಯರ್ಥವಾಯಿತೆಂದು ತಿಳಿಯಬಾರದು. ಆ ಸಂದರ್ಭವನ್ನು ಬೀಡಿಯಿಲ್ಲದೆ ದಾಟುತ್ತಿರುವುದು ಅದೇ ಮೊದಲ ಸಲ, ಅಷ್ಟೆ. ಅಲೆ ಬಂದಂತೆ ಬಂದು ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ. ಗಡಿಯಾರ ನೋಡಿಕೊಂಡರೆ ನಂಬಿಕೆಯಾಗುತ್ತದೆ.

ನನ್ನ ಕಥೆಯನ್ನೇ ಹೇಳುತ್ತೇನೆ. ತಿಂಗಳ ಕೊನೆಗೆ ಹಾಜರಿಯ ಮೊತ್ತ ತಾಳೆಯಾಗದಿದ್ದರೆ ಹೊರಗೆ ಹೋಗಿ ಬೀಡಿ ಸೇದಿ ಬರುವುದು, ಬಂದು ಕೂತೊಡನೆ ತಪ್ಪು ಸಿಗುವುದು, ಇದು ನನ್ನ ರೂಢಿ. ತಪ್ಪು ಹುಡುಕಿಕೊಡುವುದು ಬೀಡಿಯೇ ಎಂದು ಹನ್ನೆರಡು ವರ್ಷ ನಂಬಿದ್ದೆ. ಎರಡನೆಯ ಸಲ ಬಿಟ್ಟು ನಾಲ್ಕನೆಯ ತಿಂಗಳಲ್ಲಿ ಒಂದು ರಾತ್ರಿ ಲೆಕ್ಕ ಕೂಡದೆ ಹುಚ್ಚು ಹಿಡಿಯುವಂತಾಯಿತು. ಎದ್ದು ಹೋಗಿ ಮುಖ ತೊಳೆದು ಗೇಟಿನವರೆಗೆ ನಡೆದು ಬಂದೆ. ತಪ್ಪು ಸಿಕ್ಕಿತು. ಕಣ್ಣಿಗೆ ಬೇಕಾಗಿದ್ದುದು ಬಿಡುವು ಮಾತ್ರ.

ಚಹಾದ ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಹೊಗೆಯಲ್ಲಿನ ಕೆಲವು ಪದಾರ್ಥಗಳಿಂದಾಗಿ ಸೇದುವವರ ಯಕೃತ್ತು ಚಹಾ ಕಾಫಿಗಳ ಕೆಫೀನನ್ನು ಬೇಗ ಕರಗಿಸುತ್ತದೆ. ಬಿಟ್ಟೊಡನೆ ಆ ವೇಗ ಇಳಿದು, ಅಷ್ಟೇ ಚಹಾ ಕುಡಿದರೂ ಕೆಫೀನು ರಕ್ತದಲ್ಲಿ ಹೆಚ್ಚು ನಿಲ್ಲುತ್ತದೆ. ಬೀಡಿಯ ಬದಲಿಗೆಂದು ದಿನಕ್ಕೆ ಎಂಟು ಲೋಟ ಕುಡಿದು, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರದು ಎಂದು ನಾನು ಬೀಡಿ ಬಿಟ್ಟದ್ದನ್ನೇ ಬೈದೆ. ಚಹಾ ಅರ್ಧಕ್ಕೆ ಇಳಿಸಿದ ಮೇಲೆ ನಿದ್ದೆ ಬಂತು. ದಮ್ಮಿಗೆ ಥಿಯೋಫಿಲಿನ್ ಎಂಬ ಗುಳಿಗೆ ತೆಗೆದುಕೊಳ್ಳುವವರು ಇದೇ ಕಾರಣಕ್ಕೆ, ಬೀಡಿ ಬಿಟ್ಟ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ಬಿಟ್ಟ ಮೇಲೆ ಕೆಮ್ಮು ಹೆಚ್ಚಾದರೆ ಗಾಬರಿ ಬೇಡ. ಶ್ವಾಸನಾಳದ ಸೂಕ್ಷ್ಮ ರೋಮಗಳು ಚೇತರಿಸಿಕೊಂಡು ಕಫ ಗುಡಿಸತೊಡಗುತ್ತವೆ. ತಿಂಗಳು ಮೀರಿದರೆ, ರಕ್ತ ಕಂಡರೆ ಆಸ್ಪತ್ರೆಗೆ ಹೋಗತಕ್ಕದ್ದು. ಮನಸ್ಸಿನ ಕುಗ್ಗು ಎರಡು ಮೂರು ವಾರವಾದರೂ ಏಳದಿದ್ದರೆ ಅದಕ್ಕೂ ವೈದ್ಯರುಂಟು, ನಾಚಿಕೊಳ್ಳುವುದೇನಿಲ್ಲ. ತೂಕ ನಾಲ್ಕೈದು ಕಿಲೋ ಏರುವುದುಂಟು. ಏರಲಿ.

ಸಿಡುಕಿನ ವಿಷಯ ಮನೆಯಲ್ಲಿ ಮೊದಲೇ ಹೇಳಿಡುವುದು ಮೇಲು. ನಾನು ಹೇಳಿರಲಿಲ್ಲ. ಹತ್ತಕ್ಕೆ ಹನ್ನೆರಡರ ಕೋಣೆ, ದಮ್ಮಿನ ಮಗಳು. ಅವಳ ಸಲುವಾಗಿಯೇ ಎರಡನೆಯ ಸಲ ಬಿಟ್ಟದ್ದು. ಮೂರನೆಯ ದಿನ ಅವಳ ಮೇಲೆಯೇ ಕೈಯೆತ್ತಿದೆ. "ಇದಕ್ಕಿಂತ ನೀವು ಸೇದೋದ ಚಲೋ ಇತ್ತರೀ" ಎಂದಳು ನನ್ನಾಕೆ. ಆಮೇಲೆ ಕೂತು ತಿಳಿಸಿ ಹೇಳಿದೆ. ಮುಂದೆ ನಾನು ಮುಖ ಗಂಟಿಕ್ಕಿದರೆ ಕೈಗೆ ನೀರಿನ ಕೊಡ ಕೊಟ್ಟು ನಲ್ಲಿಗೆ ಕಳಿಸುತ್ತಿದ್ದಳು.

ಗೆಳೆಯರು ಬದಲಿಗೆ ತಂಬಾಕು ಸುಣ್ಣ ತಿಕ್ಕಿಕೋ ಎನ್ನುತ್ತಾರೆ. ಅದರಲ್ಲೂ ಇರುವುದು ಅದೇ ನಿಕೋಟಿನ್. ಮೇಲೆ ಬಾಯಿಯ ಕ್ಯಾನ್ಸರು. ತೀರ ತಡೆಯಲಾರದವರು ವೈದ್ಯರನ್ನು ಕೇಳಿ ನಿಕೋಟಿನ್ ಗಮ್ಮು ತೆಗೆದುಕೊಳ್ಳಬಹುದು. ಅದನ್ನು ಎಲೆ ಅಡಿಕೆಯಂತೆ ಜಗಿಯುತ್ತಲೇ ಇರಬಾರದು. ನಾಲಗೆ ಚುರುಗುಟ್ಟುವವರೆಗೆ ಮೆಲ್ಲಗೆ ಜಗಿದು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಅದಕ್ಕೆ ಮುಂಚೆ ಕಾಲು ಗಂಟೆ ಚಹಾ ಕುಡಿಯಬಾರದು. ಸಿಗರೇಟಿನ ಪ್ಯಾಕಿನ ಮೇಲೆ 1800-11-2356 ಎಂಬ ನಂಬರು ಅಚ್ಚಾಗಿರುತ್ತದೆ. ಕರೆಗೆ ಕಾಸಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಸೇವೆಯಲ್ಲಿ ಇರುವುದರಿಂದ ಕನ್ನಡದಲ್ಲಿಯೇ ಕಷ್ಟ ಹೇಳಿಕೊಳ್ಳಬಹುದು.

ನಡುವೆ ಒಂದು ಬೀಡಿ ಸೇದಿಬಿಟ್ಟರೆ ಅದು ಒಂದೇ ಬೀಡಿ. ಕಟ್ಟು ಕೊಳ್ಳದೆ ಮನೆಗೆ ಬನ್ನಿ.

ಬುಧವಾರ ಸಂಜೆ ವಾಚನಾಲಯದ ಬೀಗ ತೆಗೆಯುವ ಪಾಳಿ ನನ್ನದು. ಬಿಟ್ಟವರೂ, ಬಿಟ್ಟು ಹಿಡಿದವರೂ ಬಂದರೆ ಕೂತು ಮಾತನಾಡೋಣ. ಚಹಾ ಮಾತ್ರ ಅರ್ಧ ಲೋಟ.