ಕೂಸು ಹುಟ್ಟುವ ಮುನ್ನ ಗಾಡಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ನಮ್ಮ ಹಿರಿಯರು ನನ್ನಂಥ ಆತುರಗಾರರಿಗೆಂದೇ ಕಟ್ಟಿರಬೇಕು. ನಾನು ಕುಲಾವಿ ಹೊಲಿಸಲಿಲ್ಲ, ಗಾಡಿಯನ್ನೇ ಕೊಂಡುತಂದೆ. ಮಗಳ ಚೊಚ್ಚಲ ಹೆರಿಗೆಗೆ ಇನ್ನೂ ಎರಡು ತಿಂಗಳಿರುವಾಗ, ಮೈಸೂರಿನ ಅಂಗಡಿಯೊಂದರ ಗಾಜಿನ ಹಿಂದೆ ಅದು ನಿಂತಿತ್ತು. ಮಗುವನ್ನು ಮಲಗಿಸಿ, ಕೂರಿಸಿ, ತಳ್ಳಿಕೊಂಡು ಹೋಗುವ ಗಾಡಿ. ಅಂಗಡಿಯವರೂ ಇಂದಿನ ತಾಯಂದಿರೂ ಸ್ಟ್ರೋಲರ್ ಎಂದು ಕರೆಯುವ ವಸ್ತು. ದೊಡ್ಡ ಗಾಲಿಗಳು, ಮೆತ್ತನೆಯ ಹಾಸು, ಮಡಿಸುವ ಮುಸುಕು, ಹಾಲಿನ ಬಾಟಲಿಗೊಂದು ಬಳೆ. ತೂಕ ಹದಿಮೂರು ಕಿಲೋ. ತೂಕವೆಂದರೆ ಗಟ್ಟಿತನ ಎಂದು ನಂಬಿದ ಕಾಲದವನು ನಾನು. ನನಗದು ದೋಷವಾಗಿ ಕಾಣದೆ ಗುಣವಾಗಿಯೇ ಕಂಡಿತು.

ನನ್ನ ಅಕ್ಕ ಅದನ್ನು ನೋಡಿ, "ಇದೇನೋ ಇದು, ಸೊಪ್ಪಿನ ಗಾಡಿಗೆ ಕೊಡೆ ಕಟ್ಟಿದ ಹಾಗಿದೆ" ಎಂದು ನಕ್ಕಳು. ನನ್ನಾಕೆ ನಗಲಿಲ್ಲ. ಹುಟ್ಟದ ಮಗುವಿನ ಹೆಸರಿನಲ್ಲಿ ಸಾಮಾನು ಮನೆಗೆ ಬರಬಾರದೆಂದು, ಅದರ ಮೇಲೊಂದು ಹಳೆಯ ಪಂಚೆ ಹೊದಿಸಿ, ಕಣ್ಣಿಗೆ ಬೀಳದಂತೆ ಮೂಲೆಗೆ ಸರಿಸಿದಳು. ಇಂದು ನಾನು ಈ ಗಾಡಿಗಳ ವಿಷಯವಾಗಿ ನಾಲ್ಕು ಮಾತು ಹೇಳಹೊರಟಿರುವುದು ತಜ್ಞನೆಂಬ ಹಮ್ಮಿನಿಂದಲ್ಲ. ತಪ್ಪಿ ಕಲಿತವನೆಂಬ ಅಧಿಕಾರದಿಂದ.

ಮಗುವಿಗೆ ಗಾಡಿ ಎಂಬುದು ನಮ್ಮ ಮನೆಗಳಲ್ಲಿ ಹೊಸತು. ಮಲಗಲು ತೊಟ್ಟಿಲಿತ್ತು, ಹೊಲದ ಬದುವಿನಲ್ಲಿ ಮರಕ್ಕೆ ಕಟ್ಟಿದ ಜೋಲಿಯಿತ್ತು, ಊರು ಸುತ್ತಲು ಕಂಕುಳಿತ್ತು. ಒಂದು ಕಂಕುಳು ಸೋತರೆ ಇನ್ನೊಂದು. ಅಜ್ಜಿ, ಚಿಕ್ಕಮ್ಮ, ಸೋದರತ್ತೆ, ಪಕ್ಕದ ಮನೆಯ ಹುಡುಗಿ. ಮಗು ನೆಲ ಕಾಣದೆ ಬೆಳೆಯುತ್ತಿತ್ತು ಎಂದರೆ ಅತಿಶಯೋಕ್ತಿಯಾಗದು. ಇಂದು ಗಂಡ ಹೆಂಡಿರಿಬ್ಬರೇ ಇರುವ ಮನೆಯಲ್ಲಿ, ಗಂಡ ಬೆಳಿಗ್ಗೆ ಕೆಲಸಕ್ಕೆ ಹೊರಟ ಮೇಲೆ, ಉಳಿಯುವುದು ಎರಡೇ ತೋಳು. ಆದ್ದರಿಂದ ಗಾಡಿಯನ್ನು ಬರಿಯ ಶೋಕಿಯೆಂದು ಹಳಿಯುವುದು ನ್ಯಾಯವಲ್ಲ. ಅದು ಇಲ್ಲದ ತೋಳುಗಳ ಬದಲಿಗೆ ಬಂದ ಗಾಲಿ.

ಹಾಗೆಂದು ಅದರ ಹುಟ್ಟು ಶೋಕಿಯಲ್ಲೇ ಆಯಿತು ಎಂಬುದನ್ನು ಮರೆಯಬೇಕಾಗಿಲ್ಲ. ೧೭೩೩ರಲ್ಲಿ ಇಂಗ್ಲೆಂಡಿನ ಡೆವನ್‌ಷೈರಿನ ಮೂರನೆಯ ಡ್ಯೂಕನ ಮಕ್ಕಳಿಗಾಗಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಚಿಪ್ಪಿನಾಕಾರದ ಪುಟ್ಟ ರಥವೊಂದನ್ನು ರಚಿಸಿಕೊಟ್ಟನು. ಅದನ್ನು ಎಳೆಯಬೇಕಾಗಿದ್ದುದು ಆಡು ಅಥವಾ ಸಣ್ಣ ಕುದುರೆ. ಮುಂದಿನ ಶತಮಾನದಲ್ಲಿ ಮೃಗದ ಜಾಗಕ್ಕೆ ಮನುಷ್ಯ ಬಂದ, ಎಳೆಯುವುದರ ಬದಲು ತಳ್ಳುವುದು ಬಂದಿತು. ಪೆರಾಂಬ್ಯುಲೇಟರ್ ಎಂಬ ಉದ್ದನೆಯ ಹೆಸರು ಸವೆದು ಪ್ರಾಮ್ ಆಯಿತು. ೧೮೮೯ರಲ್ಲಿ ಅಮೆರಿಕದ ವಿಲಿಯಂ ರಿಚರ್ಡ್‌ಸನ್ ಎಂಬಾತ, ಮಗುವಿನ ಹಾಸನ್ನು ತಿರುಗಿಸಿ, ಅದರ ಮುಖ ತಾಯಿಯ ಕಡೆಗೆ ಬರುವಂತೆ ಮಾಡಬಲ್ಲ ಗಾಡಿಗೆ ಪೇಟೆಂಟ್ ಪಡೆದನು. ಆದರೂ ಈ ಗಾಡಿಗಳೆಲ್ಲ ಭಾರವಾದವು; ತಳ್ಳಲು ದಾದಿಯೂ ನಿಲ್ಲಿಸಲು ದೊಡ್ಡ ಹಜಾರವೂ ಇದ್ದವರ ಗಾಡಿಗಳು.

ಅವನ್ನು ಸಾಮಾನ್ಯರ ಕೈಗೆ ತಂದವನು ಓವನ್ ಮೆಕ್ಲಾರೆನ್ ಎಂಬ ಇಂಗ್ಲಿಷ್ ಎಂಜಿನಿಯರು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಗಳು ನೆಲಕ್ಕಿಳಿಯುವ ಗಾಲಿಕಾಲುಗಳ ರಚನೆಯಲ್ಲಿ ಕೈಯಾಡಿಸಿದ್ದ ಈತ ನಿವೃತ್ತನಾಗಿದ್ದಾಗ, ಮಗಳು ತನ್ನ ಕೂಸಿನೊಡನೆ ಬಂದಳು. ಆಕೆ ಭಾರದ ಗಾಡಿಯೊಡನೆ ಹೆಣಗುವುದನ್ನು ತಂದೆ ನೋಡಿದನು. ವಿಮಾನದ ಕಾಲು ಮಡಿಸಲು ಬಲ್ಲವನಿಗೆ ಮಗುವಿನ ಗಾಡಿ ಮಡಿಸುವುದು ಅಸಾಧ್ಯವೆ? ೧೯೬೫ರಲ್ಲಿ ಆತ ಅಲ್ಯೂಮಿನಿಯಂ ಕೊಳವೆಗಳಿಂದ, ಕೊಡೆಯಂತೆ ಮಡಿಚುವ, ಆರು ಪೌಂಡು, ಎಂದರೆ ಮೂರು ಕಿಲೋಗಿಂತಲೂ ಕಡಿಮೆ ತೂಕದ ಗಾಡಿಯನ್ನು ರೂಪಿಸಿದನು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಗಾಡಿ. ಬಸ್ಸು ಹತ್ತಬಹುದು, ಮೆಟ್ಟಿಲು ಏರಬಹುದು. ಇಂದಿನ ಎಷ್ಟೋ ಗಾಡಿಗಳು ಆ ಮಡಿಕೆಯ ಮೊಮ್ಮಕ್ಕಳು.

ಈ ಕಥೆ ಓದಿದಾಗ ನನಗೆ ನಾಚಿಕೆಯಾಯಿತು. ಆತ ಮೊದಲು ಮಗಳನ್ನು ನೋಡಿದ, ಆಮೇಲೆ ಗಾಡಿ ಮಾಡಿದ. ನಾನು ಗಾಡಿಯನ್ನು ಮಾತ್ರ ನೋಡಿದ್ದೆ.

ಮಗು ಹುಟ್ಟಿತು, ಹೆಣ್ಣು ಮಗು. ಬಾಣಂತನ ಮುಗಿಸಿಕೊಂಡು ಐದನೆಯ ತಿಂಗಳಲ್ಲಿ ಮಗಳು ಬೆಂಗಳೂರಿಗೆ ಹೊರಟಳು. ಗಾಡಿಯೂ ಹೊರಟಿತು. ಅವರ ಮನೆ ಮಲ್ಲೇಶ್ವರದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಎರಡು ತಿಂಗಳ ಮೇಲೆ ಮೊಮ್ಮಗಳನ್ನು ನೋಡಲು ಹೋದೆ. ಒಳಕೋಣೆಯ ಬಾಗಿಲ ಹಿಂದೆ ನನ್ನ ಗಾಡಿ ನಿಂತಿತ್ತು. ಅದರಲ್ಲಿ ಈರುಳ್ಳಿ ಇತ್ತು, ಹಳೆಯ ಪತ್ರಿಕೆಗಳಿದ್ದವು, ಇಸ್ತ್ರಿಗೆ ಕೊಡಬೇಕಾದ ಬಟ್ಟೆಗಳಿದ್ದವು. ಮಗುವೊಂದಿರಲಿಲ್ಲ.

"ಹೊರಗೆ ಹೋಗಿ ಎಷ್ಟು ದಿನವಾಯಿತಮ್ಮ?" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೊಂದು ದಿನ. ನೀವು ಬೇಸರ ಮಾಡಿಕೊಳ್ಳಬೇಡಿ ಅಪ್ಪ. ಇವರು ಮನೆಯಲ್ಲಿದ್ದಾಗ ಇಳಿಸಿಕೊಡುತ್ತಾರೆ. ಒಬ್ಬಳೇ ಇದ್ದಾಗ ಇದನ್ನೂ ಅವಳನ್ನೂ ಎತ್ತಿಕೊಂಡು ಇಳಿಯಲಿಕ್ಕಾಗುವುದಿಲ್ಲ" ಎಂದಳು. ಕೆಳಗಿಳಿಯುವಾಗ ಎಣಿಸಿದೆ: ಐವತ್ತನಾಲ್ಕು ಮೆಟ್ಟಿಲು. ಹದಿಮೂರು ಕಿಲೋ ಗಾಡಿ, ಏಳು ಕಿಲೋ ಮಗು. ಹೊಲಿಗೆ ಹಾಕಿಸಿಕೊಂಡ ಹೊಟ್ಟೆ. ನನ್ನ ಉಡುಗೊರೆ ಮಗಳನ್ನು ಮನೆಯೊಳಗೆ ಕೂರಿಸಿತ್ತು. ಅದು ನನ್ನ ಉಡುಗೊರೆಯಾದ್ದರಿಂದಲೇ ಅವಳು ಬಾಯಿ ಬಿಟ್ಟಿರಲಿಲ್ಲ.

ಆ ಐವತ್ತನಾಲ್ಕು ಮೆಟ್ಟಿಲು ನನಗೆ ಕಲಿಸಿದ ಮೊದಲ ಪಾಠವಿದು: ಗಾಡಿಯನ್ನು ಆರಿಸುವುದು ಅಂಗಡಿಯಲ್ಲಲ್ಲ, ಮನೆಯ ಬಾಗಿಲಲ್ಲಿ. ಬಾಗಿಲ ಅಗಲವೆಷ್ಟು, ಮೆಟ್ಟಿಲೆಷ್ಟು, ಲಿಫ್ಟಿದ್ದರೆ ಅದರೊಳಗೆ ಹಿಡಿಯುವುದೆ, ಆಟೋರಿಕ್ಷಾದಲ್ಲಿ ಕಾಲ ಬಳಿ ಇಡಬಹುದೆ, ದಿನವೂ ತಳ್ಳುವವರು ಯಾರು, ಅವರೊಬ್ಬರೇ ಎತ್ತಬಲ್ಲರೆ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಅಂಗಡಿಗೆ ಹೋಗಬೇಕು. ಕೊಳ್ಳುವ ಹಣ ಯಾರದೇ ಇರಲಿ, ಎತ್ತುವ ಕೈ ಆರಿಸಬೇಕು.

ಎರಡನೆಯದು ಮಗುವಿನ ವಯಸ್ಸು. ಆರು ತಿಂಗಳವರೆಗಿನ ಕೂಸಿನ ಬೆನ್ನೂ ಕತ್ತೂ ಇನ್ನೂ ಬಲಿಯದಿರುವುದರಿಂದ ಅದಕ್ಕೆ ಸಮತಟ್ಟಾಗಿ ಮಲಗುವ ಹಾಸು ಬೇಕು. ಕೂರುವ ಭಂಗಿಯಲ್ಲಿ ನಿದ್ದೆ ಹೋದರೆ ಗದ್ದ ಎದೆಗೆ ಬಾಗಿ ಉಸಿರಿಗೆ ತಡೆಯಾಗಬಹುದು. ಮಡಿಚುವ ಹಗುರ ಗಾಡಿಗಳಲ್ಲಿ ಹಲವು ಪೂರ್ತಿ ಮಲಗುವುದಿಲ್ಲ. ಅವು ಮಗು ತಾನಾಗಿ ಕೂರತೊಡಗಿದ ಮೇಲಿನವು.

ಮೂರನೆಯದು ಗಾಲಿ. ಎತ್ತಿನ ಗಾಡಿಯ ಚಕ್ರ ಏಕೆ ಅಷ್ಟು ದೊಡ್ಡದೆಂದು ನಮ್ಮ ಬಡಗಿಗಳನ್ನು ಕೇಳಿದರೆ ಸಾಕು. ಗುಂಡಿಗಿಂತ ಚಕ್ರ ಬಹಳ ದೊಡ್ಡದಾದರೆ ಗುಂಡಿ ತಿಳಿಯದು. ಚಕ್ರ ಚಿಕ್ಕದಾದರೆ ಅಂಗುಲದ ಕಲ್ಲೂ ಗೋಡೆಯೇ. ಬೆಂಗಳೂರಿನ ಪಾದಚಾರಿ ಹಾದಿಗಳಲ್ಲಿ ಎದ್ದ ಚಪ್ಪಡಿಗಳು, ಮರದ ಬೇರುಗಳು, ಮೊಣಕಾಲೆತ್ತರದ ಅಂಚುಗಳು ಉಂಟಷ್ಟೆ. ಆದರೆ ದೊಡ್ಡ ಗಾಲಿ ತೂಕವನ್ನೂ ತರುತ್ತದೆ. ಹೀಗೆ ಹಾದಿಗೆ ಒಪ್ಪುವುದು ಮೆಟ್ಟಿಲಿಗೆ ಒಪ್ಪದು. ಮೆಟ್ಟಿಲಿಗೆ ಒಪ್ಪುವುದು ಹಾದಿಗೆ ಒಪ್ಪದು. ಎರಡಕ್ಕೂ ಒಪ್ಪುವ ಗಾಡಿಯನ್ನು ಹುಡುಕುವ ಬದಲು, ನಮಗೆ ಯಾವ ಕಷ್ಟ ದಿನನಿತ್ಯದ್ದು ಎಂದು ನಿರ್ಧರಿಸುವುದು ಜಾಣತನ.

ನಾಲ್ಕನೆಯದು ಕಾವಲು. ೧೯೨೫ರ ಐಸೆನ್‌ಸ್ಟೈನನ 'ಬ್ಯಾಟಲ್‌ಷಿಪ್ ಪೊಟೆಂಕಿನ್' ಚಿತ್ರ ನೋಡಿದವರು ಒಡೆಸ್ಸಾದ ಮೆಟ್ಟಿಲುಗಳ ಮೇಲೆ, ಕೈತಪ್ಪಿದ ಮಗುವಿನ ಗಾಡಿ ಉರುಳಿಹೋಗುವ ದೃಶ್ಯವನ್ನು ಮರೆಯಲಾರರು. ಕಲೆಯಲ್ಲಿ ಅದು ಕ್ರಾಂತಿಯ ರೂಪಕವಾಗಬಹುದು; ಇಳಿಜಾರಿನ ಬೀದಿಯಲ್ಲಿ ಅದು ಕಾಲಿನಿಂದ ಒತ್ತದೆ ಬಿಟ್ಟ ಬ್ರೇಕು, ಅಷ್ಟೆ. ಬ್ರೇಕು ಒಂದೇ ಒತ್ತಿಗೆ ಹಿಂದಿನ ಎರಡೂ ಗಾಲಿಗಳನ್ನು ಹಿಡಿಯಬೇಕು. ಪಟ್ಟಿಗಳು ಭುಜ, ಸೊಂಟ, ತೊಡೆಯ ನಡುವೆ, ಹೀಗೆ ಐದು ಕಡೆಯಿಂದ ಬಂದು ಸೇರಬೇಕು. ಹಿಡಿಕೆಗೆ ತರಕಾರಿ ಚೀಲ ತೂಗುಹಾಕಬಾರದು. ಮಗುವನ್ನೆತ್ತಿಕೊಂಡ ಕ್ಷಣ ಹಿಂಭಾರವಾಗಿ ಗಾಡಿ ಮಗುಚುತ್ತದೆ, ಕೆಲವೊಮ್ಮೆ ಮಗು ಒಳಗಿರುವಾಗಲೇ. ಮಡಿಚುವ ಕೀಲುಗಳ ಬಳಿ ಮಗುವಿನ ಬೆರಳಿರಬಾರದು. ೨೦೦೯ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಸಿ ಕೀಲಿಗೆ ಹೊದಿಕೆ ಕೊಡಬೇಕಾಗಿ ಬಂದುದು, ಹನ್ನೆರಡು ಮಕ್ಕಳ ಬೆರಳ ತುದಿಗಳು ತುಂಡಾದ ಬಳಿಕ.

ಇನ್ನೆರಡು ಮಾತು ಬಿಸಿಲಿನ ನಾಡಿನವರಾದ ನಮಗೆ ಮುಖ್ಯ. ಬಿಸಿಲು ತಾಗದಿರಲೆಂದು ಗಾಡಿಯ ಮೇಲೆ ಪೂರ್ತಿ ಬಟ್ಟೆ ಇಳಿಬಿಟ್ಟರೆ ಒಳಗಿನ ಗಾಳಿ ನಿಂತು ಸೆಕೆ ಏರುತ್ತದೆ. ನೆರಳು ಬೇಕು, ಮುಚ್ಚಳ ಬೇಡ. ವಾಹನಗಳು ಹೊಗೆಯುಗುಳುವ ಕೊಳವೆ ಇರುವುದೂ ಗಾಡಿಯಲ್ಲಿ ಮಗುವಿನ ಮೂಗಿರುವುದೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ. ಗಾಡಿಯ ಮಗು ದೊಡ್ಡವರಿಗಿಂತ ಶೇಕಡಾ ೬೦ರವರೆಗೂ ಹೆಚ್ಚು ಮಲಿನ ಗಾಳಿಗೆ ಒಡ್ಡಿಕೊಳ್ಳಬಹುದೆಂದು ೨೦೧೮ರಲ್ಲಿ ಇಂಗ್ಲೆಂಡಿನ ಸರೇ ವಿಶ್ವವಿದ್ಯಾಲಯದ ಸಂಶೋಧಕರು ತಿಳಿಸಿದರು. ಆದ್ದರಿಂದ ಸೀಟು ಎತ್ತರವಿದ್ದಷ್ಟೂ ಲೇಸು. ಹೆದ್ದಾರಿಗಿಂತ ಒಳಬೀದಿ ಲೇಸು.

ಕಡೆಯದು, ನನ್ನ ಮಟ್ಟಿಗೆ ಮೊದಲನೆಯದು, ಮಗುವಿನ ಮುಖ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಜಾನ್ ಜೀಡಿಕ್ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ತಂದೆತಾಯಂದಿರನ್ನು ಬೀದಿಗಳಲ್ಲಿ ಗಮನಿಸಲಾಯಿತು. ಮಗು ತಮ್ಮ ಕಡೆ ಮುಖ ಮಾಡಿ ಕುಳಿತಿದ್ದಾಗ ದೊಡ್ಡವರು ಅದರೊಡನೆ ಮಾತಾಡುವುದು, ಬೆನ್ನು ತಿರುಗಿಸಿ ಕುಳಿತಿದ್ದಾಗಿನದಕ್ಕಿಂತ ಇಮ್ಮಡಿಗೂ ಮೀರಿತ್ತು. ಕಂಕುಳಿನ ಗುಣವೂ ಇದೇ ಅಲ್ಲವೆ? ಕಂಕುಳಲ್ಲಿ ಕುಳಿತ ಮಗು ನಮ್ಮ ಬಾಯಿಯನ್ನೇ ನೋಡುತ್ತ ನುಡಿ ಕಲಿಯುತ್ತದೆ. ಸೀಟು ತಿರುಗಿಸಬಲ್ಲ ಗಾಡಿಗೆ ಹಣ ಹೆಚ್ಚಾಗುತ್ತದೆ, ತೂಕವೂ ತುಸು ಹೆಚ್ಚುತ್ತದೆ. ಅದಾಗದಿದ್ದರೆ ನಡುನಡುವೆ ನಿಂತು, ಮುಂದೆ ಬಂದು, ಮಗುವಿಗೆ ಮುಖ ತೋರಿಸಿ ನಾಲ್ಕು ಮಾತಾಡಿದರಾಯಿತು. ಅದಕ್ಕೆ ಬೆಲೆಯಿಲ್ಲ.

ಮರುದಿನ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಅಂಗಡಿಗೆ ಹೋದೆ. ಈ ಸಲ ನಾನು ಬಾಯಿ ತೆರೆಯಲಿಲ್ಲ. ಮಗಳು ಮಗುವನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಗಾಡಿಗಳನ್ನು ಒಂದೊಂದಾಗಿ ಮಡಿಚಿ, ಎತ್ತಿ, ತೂಗಿ ನೋಡಿದಳು. ಆರು ಕಿಲೋದ, ಬೆಡಗಿಲ್ಲದ, ನಾನಾಗಿದ್ದರೆ ಕಣ್ಣೆತ್ತಿಯೂ ನೋಡದ ಒಂದನ್ನು ಆರಿಸಿದಳು. ಬೆಲೆ ನನ್ನ ಗಾಡಿಯ ಅರ್ಧಕ್ಕೂ ಕಡಿಮೆ. ಹದಿಮೂರು ಕಿಲೋದ್ದು ಮೈಸೂರಿಗೆ ಮರಳಿತು. ಮೆಟ್ಟಿಲಿಲ್ಲದ ನಮ್ಮ ಮನೆಯಲ್ಲಿ, ವಾಹನ ವಿರಳವಾದ ನಮ್ಮ ಬೀದಿಯಲ್ಲಿ, ಅದರ ದೊಡ್ಡ ಗಾಲಿಗಳು ಸೊಗಸಾಗಿ ಉರುಳುತ್ತವೆ. ಗಾಡಿಯಲ್ಲಿ ದೋಷವಿರಲಿಲ್ಲ, ಅದನ್ನು ಕಳಿಸಿದ ವಿಳಾಸದಲ್ಲಿತ್ತು.

ಮೊಮ್ಮಗಳು ರಜೆಗೆ ಬಂದಾಗ ಸಂಜೆ ಅವಳನ್ನು ಅದರಲ್ಲಿ ಕೂರಿಸಿಕೊಂಡು ಹೊರಡುತ್ತೇನೆ. ಬೀದಿಯ ತಿರುವಿನಲ್ಲಿ ಅವಳು ಎರಡೂ ಕೈ ಚಾಚುತ್ತಾಳೆ, ಎತ್ತಿಕೊಳ್ಳಲೇಬೇಕು. ಹಿಂತಿರುಗುವಾಗ ಮಗು ನನ್ನ ಕಂಕುಳಲ್ಲಿ, ಗಾಡಿಯಲ್ಲಿ ದಂಟಿನ ಸೊಪ್ಪಿನ ಎರಡು ಕಟ್ಟು. ಅಕ್ಕ ಬಾಗಿಲಲ್ಲೇ ನಿಂತಿರುತ್ತಾಳೆ. ಅವಳು ಏನೂ ಹೇಳುವುದಿಲ್ಲ. ಹೇಳಬೇಕಾದುದನ್ನು ಅಂದೇ ಹೇಳಿಯಾಗಿದೆ.