ತಿಳಿಯಾದದ್ದೆಲ್ಲ ಶುದ್ಧವಲ್ಲ

ರಾಜಾಜಿನಗರದ ನಮ್ಮ ಮನೆಯಲ್ಲಿ ಈಚೆಗೆ ಮಗ ಕಾಕ್‌ಟೇಲ್‌ಗೆಂದು ಗಾಜಿನಂತಹ ಮಂಜುಗಡ್ಡೆಯ ಉಂಡೆ ಮಾಡಹೊರಟ. ನೀರನ್ನು ಎರಡು ಬಾರಿ ಕುದಿಸಿದರೂ ಉಂಡೆಯ ನಡುವೆ ಬಿಳಿ ಮಬ್ಬು ಉಳಿಯಿತು. ಫ್ರೀಜರಿನ ಚಳಿ ಎಲ್ಲ ದಿಕ್ಕಿನಿಂದ ಮುತ್ತಿದಾಗ, ಹೆಪ್ಪುಗಟ್ಟುವ ನೀರು ಹೊರದೂಡಿದ ಗಾಳಿ, ಲವಣಗಳು ನಡುವೆ ಸಿಕ್ಕಿಬೀಳುವುದೇ ಇದಕ್ಕೆ ಕಾರಣ.

ಬದಿ, ತಳಗಳಿಗೆ ಥರ್ಮಾಕೋಲ್ ಹೊದಿಸಿದ ಡಬ್ಬಿಯಲ್ಲಿ ನೀರು ತುಂಬಿ, ಮೇಲೂ ಕೆಳಗೂ ರಂಧ್ರವಿರುವ ಅಚ್ಚನ್ನು ಅದರಲ್ಲಿ ಮುಳುಗಿಸಿ, ಮುಚ್ಚಳವಿಲ್ಲದೆ ಒಂದು ದಿನ ಇಟ್ಟೆವು. ಚಳಿ ಮೇಲಿನಿಂದಷ್ಟೇ ಇಳಿಯಿತು. ಮಬ್ಬು ಅಚ್ಚಿನಿಂದಾಚೆಗೆ, ತಳಕ್ಕೆ ಸರಿಯಿತು. ಶೀತದೇಶಗಳ ಕೆರೆಗಳು ಹೆಪ್ಪುಗಟ್ಟುವುದೂ ಹೀಗೆಯೇ. 1833ರಲ್ಲಿ ಬಾಸ್ಟನ್ನಿನಿಂದ ಹಡಗೇರಿ ಕಲ್ಕತ್ತೆಗೆ ಬಂದದ್ದು ಅಂತಹ ಮಂಜುಗಡ್ಡೆಯೇ.

ಆದರೆ ತಿಳಿಯಾದ ಮಾತ್ರಕ್ಕೆ ಶುದ್ಧವೆನ್ನಲಾಗದು. ಹೆಪ್ಪುಗಟ್ಟಿಸಿದರೆ ರೋಗಾಣುಗಳೆಲ್ಲ ಸಾಯುವುದಿಲ್ಲ. ಮನೆಯ ಉಂಡೆಯ ನೀರು ಯಾವುದೆಂದು ನಾನು ಬಲ್ಲೆ. ಬೇಸಿಗೆಯಲ್ಲಿ ಕಬ್ಬಿನಹಾಲಿನ ಗಾಡಿಯಲ್ಲಿ ಹೊಳೆಯುವ ಮಂಜುಗಡ್ಡೆಯ ನೀರು ಯಾವುದೆಂದು ಕಣ್ಣು ಹೇಳಲಾರದು. ಆಹಾರ ಪದಾರ್ಥಗಳನ್ನು ಕೆಡದಂತೆ ಇಡಲು ಮಾತ್ರ ಬಳಸುವ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ಸೂಚಿಸಿದ್ದು ಇದೇ ಕಾರಣಕ್ಕೆ. ದಶಕಗಳ ಕಾಲ ಕಡತ ನೋಡಿದವನಾಗಿ ಹೇಳುತ್ತೇನೆ: ಆ ನೀಲಿ ಬಣ್ಣ ಆದೇಶದಲ್ಲಿದ್ದರೆ ಸಾಲದು, ಬೀದಿಯಲ್ಲಿ ಕಾಣಬೇಕು.