ಶೀತಕೋಣೆಯೂ ಅಗ್ನಿಸುರಕ್ಷತೆಯೂ

ಹಾಲು, ಹಣ್ಣು, ತರಕಾರಿ, ಔಷಧ ಮೊದಲಾದವು ಕೆಡದಂತೆ ಕಾಪಾಡುವುದಕ್ಕಾಗಿ ಉಪಾಹಾರಗೃಹ, ಅಂಗಡಿ, ಆಸ್ಪತ್ರೆಗಳಲ್ಲಿ ಶೀತಕೋಣೆಗಳನ್ನು ನಿರ್ಮಿಸುವುದುಂಟು. ಮನುಷ್ಯನು ಒಳಹೊಕ್ಕು ನಡೆದಾಡುವಷ್ಟು ದೊಡ್ಡದಾದ ಈ ಕೋಣೆಯು ಕಟ್ಟಡದೊಳಗಿನ ಇನ್ನೊಂದು ಪುಟ್ಟ ಕಟ್ಟಡವೇ ಸರಿ. ತಂಪಿನ ತಾಣದಲ್ಲಿ ಬೆಂಕಿಯ ಭಯವೇತಕ್ಕೆ ಎಂದು ವಾಚಕರು ಕೇಳಬಹುದು. ಆ ಭಯವು ಅಡಗಿರುವುದು ತಂಪಿನಲ್ಲಲ್ಲ. ತಂಪನ್ನು ಹಿಡಿದಿಡುವ ಗೋಡೆಯಲ್ಲಿ.

ಹೊರಗಿನ ಶಾಖವು ಒಳಗೆ ಬಾರದಂತೆ ತಡೆಯಲು, ಗೋಡೆಯ ಎರಡು ಲೋಹದ ತಗಡುಗಳ ನಡುವೆ ಪಾಲಿಯುರೆಥೇನ್ ಅಥವಾ ಪಾಲಿಸ್ಟೈರೀನ್ ಎಂಬ ನೊರೆಪ್ಲಾಸ್ಟಿಕ್ಕನ್ನು ತುಂಬುತ್ತಾರೆ. ಅದರ ಅಸಂಖ್ಯ ಸೂಕ್ಷ್ಮ ಕೋಶಗಳಲ್ಲಿ ಅನಿಲವು ಸೆರೆಯಾಗಿರುವುದರಿಂದ ಶಾಖವು ಸುಲಭವಾಗಿ ಹರಿಯದು. ಆದರೆ ಬೆಂಕಿ ತಗುಲಿದರೆ ಈ ವಸ್ತುವು ದಟ್ಟವಾದ ಕರಿಹೊಗೆಯನ್ನು ಕಾರುತ್ತದೆ. ಪಾಲಿಯುರೆಥೇನ್ ಉರಿದಾಗ ಕಾರ್ಬನ್ ಮಾನಾಕ್ಸೈಡಿನೊಡನೆ ಹೈಡ್ರೋಜನ್ ಸಯನೈಡ್ ಎಂಬ ಘೋರ ವಿಷಾನಿಲವೂ ಹೊರಬರುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ 'ಅಂತರರಾಷ್ಟ್ರೀಯ ಕಟ್ಟಡ ಸಂಹಿತೆ'ಯು 2000ದಲ್ಲಿ ಮೊದಲು ಪ್ರಕಟವಾಯಿತು; ಮೂರು ವರ್ಷಗಳಿಗೊಮ್ಮೆ ಪರಿಷ್ಕೃತವಾಗುತ್ತದೆ. ಅದು ಕಟ್ಟಡಗಳನ್ನು ಐದು ವರ್ಗಗಳಾಗಿ ವಿಂಗಡಿಸಿದೆ. ಮೊದಲೆರಡು ವರ್ಗಗಳ ಕಟ್ಟಡಗಳ ಮುಖ್ಯ ಅಂಗಗಳು ಉಕ್ಕು, ಕಾಂಕ್ರೀಟು, ಇಟ್ಟಿಗೆಗಳಂಥ ಉರಿಯದ ವಸ್ತುಗಳಿಂದಲೇ ಆಗಿರಬೇಕು. ಇಂಥ ಅದಹ್ಯ ಕಟ್ಟಡದೊಳಗೆ ಉರಿಯುವ ನೊರೆಪ್ಲಾಸ್ಟಿಕ್ಕಿನ ಗೋಡೆಗೆ ಪ್ರವೇಶವುಂಟೆ? ಉಂಟು, ಆದರೆ ನಿಬಂಧನೆಗಳಿಗೆ ಒಳಪಟ್ಟು ಮಾತ್ರ.

ಮೊದಲನೆಯದಾಗಿ, ಶೀತಕೋಣೆಯ ಗೋಡೆಯಲ್ಲಿ ನೊರೆಪ್ಲಾಸ್ಟಿಕ್ಕಿನ ದಪ್ಪವು 10 ಅಂಗುಲವನ್ನು ಮೀರಬಾರದು. ಎರಡನೆಯದಾಗಿ, ಅದರ ಜ್ವಾಲಾಪ್ರಸರಣಾಂಕವು 25ನ್ನೂ ಧೂಮಾಂಕವು 450ನ್ನೂ ಮೀರಬಾರದು. ಸುಮಾರು 25 ಅಡಿ ಉದ್ದದ ಸುರಂಗದಂಥ ಕುಲುಮೆಯಲ್ಲಿ ಹತ್ತು ನಿಮಿಷ ಪರೀಕ್ಷಿಸಿ ಜ್ವಾಲಾಪ್ರಸರಣಾಂಕವನ್ನು ನಿರ್ಣಯಿಸುತ್ತಾರೆ. ಸಿಮೆಂಟು ಹಲಗೆಯ ಅಂಕ ಸೊನ್ನೆಯೆಂದೂ ಕೆಂಪು ಓಕ್ ಮರದ ಅಂಕ ಸುಮಾರು 100 ಎಂದೂ ಇಟ್ಟುಕೊಂಡ ಅಳತೆಯಿದು. ಮೂರನೆಯದಾಗಿ, ನೊರೆಪ್ಲಾಸ್ಟಿಕ್ಕಿನ ಮೇಲೆ ಕನಿಷ್ಠ 0.8 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಅಥವಾ 0.4 ಮಿಲಿಮೀಟರ್ ದಪ್ಪದ ತುಕ್ಕು ಹಿಡಿಯದ ಉಕ್ಕಿನ ತಗಡಿನ ಹೊದಿಕೆ ಇರಬೇಕು. ನಾಲ್ಕನೆಯದಾಗಿ, ಶಾಖ ತಗುಲಿದೊಡನೆ ತಾನಾಗಿಯೇ ತೆರೆದು ನೀರೆರಚುವ ಸ್ಪ್ರಿಂಕ್ಲರ್ ವ್ಯವಸ್ಥೆ ಬೇಕು. ಅದು ಶೀತಕೋಣೆಯ ಒಳಗೆ ಇದ್ದರೆ ಸಾಲದು. ಕೋಣೆಯಿರುವ ಕಟ್ಟಡದ ಭಾಗಕ್ಕೂ ಇರಬೇಕು.

ಸ್ಪ್ರಿಂಕ್ಲರ್ ಇಲ್ಲದ ಕಟ್ಟಡಗಳಿಗೆ ಒಂದು ವಿನಾಯಿತಿಯುಂಟು. ಶೀತಕೋಣೆಗಳ ಒಟ್ಟು ವಿಸ್ತೀರ್ಣವು 400 ಚದರ ಅಡಿಯನ್ನೂ, ನೊರೆಪ್ಲಾಸ್ಟಿಕ್ಕಿನ ದಪ್ಪವು 4 ಅಂಗುಲವನ್ನೂ, ಜ್ವಾಲಾಪ್ರಸರಣಾಂಕವು 75ನ್ನೂ ಮೀರದಿದ್ದರೆ, ಲೋಹದ ಹೊದಿಕೆಯೊಡನೆ ಅದಕ್ಕೆ ಅನುಮತಿಯಿದೆ. ದಪ್ಪವನ್ನು 10 ಅಂಗುಲದವರೆಗೆ ಹೆಚ್ಚಿಸಬೇಕಾದರೆ ಅರ್ಧ ಅಂಗುಲದ ಜಿಪ್ಸಮ್ ಹಲಗೆಯಂಥ ಶಾಖತಡೆಯನ್ನು ಒದಗಿಸಬೇಕು. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ರಾಸಾಯನಿಕವಾಗಿ ಬಂಧಿತವಾದ ನೀರು. ಬೆಂಕಿಯ ಶಾಖವು ಮೊದಲು ಆ ನೀರನ್ನು ಆವಿಯಾಗಿಸುವುದರಲ್ಲಿಯೇ ವ್ಯಯವಾಗುವುದರಿಂದ, ಹಿಂದಿನ ಪ್ಲಾಸ್ಟಿಕ್ಕಿಗೆ ಬಿಸಿ ತಾಗುವುದು ತಡವಾಗುತ್ತದೆ. ಒಳಗಿರುವವರು ಪಾರಾಗಲು ಆ ಕೆಲವು ನಿಮಿಷಗಳೇ ಅಮೂಲ್ಯ.

ಇಷ್ಟೊಂದು ಕಟ್ಟುನಿಟ್ಟು ಏತಕ್ಕೆ ಎನ್ನುವವರು ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದ ದುರಂತವನ್ನು ಸ್ಮರಿಸಬೇಕು. ಅಲ್ಲಿಯದು ಪುಟ್ಟ ಕೋಣೆಯಲ್ಲ. 1906ರಲ್ಲಿ ಕಟ್ಟಿದ, ಇಟ್ಟಿಗೆಯ ದಪ್ಪ ಹೊರಗೋಡೆಗಳ ಬೃಹತ್ ಶೈತ್ಯಾಗಾರ. ಒಳಗೋಡೆಗಳಿಗೆ ಬೆಂಡು ಮತ್ತು ನೊರೆಪ್ಲಾಸ್ಟಿಕ್ಕಿನ ಹೊದಿಕೆಯಿದ್ದಿತು. ಕಿಟಕಿಗಳು ಇಲ್ಲವೆನ್ನುವಷ್ಟು ವಿರಳ. ಬಳಕೆಯಿಲ್ಲದೆ ಪಾಳುಬಿದ್ದಿದ್ದ ಆ ಕಟ್ಟಡಕ್ಕೆ 1999ರ ಡಿಸೆಂಬರ್ 3ರಂದು ಬೆಂಕಿ ತಗುಲಿತು. ಒಳಗೆ ಯಾರೋ ಸಿಲುಕಿರಬಹುದೆಂದು ಹುಡುಕಹೋದ ಇಬ್ಬರು ಅಗ್ನಿಶಾಮಕರು ಹೊಗೆಯಲ್ಲಿ ದಾರಿ ತಪ್ಪಿದರು. ಅವರನ್ನು ಅರಸಿಹೋದ ನಾಲ್ವರೂ ಮರಳಿ ಬರಲಿಲ್ಲ. ಹೊರಗಿನ ಇಟ್ಟಿಗೆಯ ಗೋಡೆಯು ಈ ಆರು ಜನರನ್ನು ಕಾಪಾಡಲಿಲ್ಲ.

ಕಟ್ಟಡದ ಸುರಕ್ಷತೆಯನ್ನು ಅದರ ಕಂಬ ತೊಲೆಗಳಿಂದ ಮಾತ್ರವೇ ಅಳೆಯಲಾಗದು. ಅದರೊಳಗೆ ನಾವು ಏನನ್ನು ತುಂಬಿದ್ದೇವೆ ಎಂಬುದರಿಂದಲೂ ಅಳೆಯಬೇಕು. ಸಂಹಿತೆಯ ಶುಷ್ಕ ಅಂಕಿಗಳ ಹಿಂದೆ ಮನುಷ್ಯರ ಪ್ರಾಣದ ಬೆಲೆಯಿದೆ ಎಂಬುದನ್ನು ಮುಂದೆ ಎಂಜಿನಿಯರುಗಳಾಗಲಿರುವ ನಮ್ಮ ವಿದ್ಯಾರ್ಥಿಗಳು ಮರೆಯಬಾರದು.